ಅಡಿಕೆ ಲೆಕ್ಕದ ಪೆಂಟಿಯಂಗೆ ನೆಟ್‌ವರ್ಕ್ ಕಾರ್ಡ್: ಕೆಲಸ ಎಲ್ಲಿಯವರೆಗೆ ಬಂತು

ಭಾನುವಾರ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದಿರುವ ಹಳೆಯ ಪೆಂಟಿಯಂ ಕಂಪ್ಯೂಟರ್ ಮೇಜಿನ ಮೇಲೆ ಕೂತಿದೆ. ಭಾವನ ಮನೆಯವರು ಅಡಿಕೆ ವ್ಯಾಪಾರದ ಲೆಕ್ಕ ಇಡುತ್ತಿದ್ದ ಯಂತ್ರ. ವಿಂಡೋಸ್ 98 ಇದೆ, ಯುಎಸ್‌ಬಿ ಇಲ್ಲ, ಸಿಡಿ ಡ್ರೈವ್ ಮನಸ್ಸು ಬಂದರೆ ಓದುತ್ತದೆ. ಹಾರ್ಡ್ ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕಡತಗಳು ಸಿಗುತ್ತವೆ ಎಂಬುದು ನನಗೂ ಗೊತ್ತು. ಹಾಗೆ ಒಂದು ಪ್ರತಿ ತೆಗೆದು ಇಟ್ಟೂ ಆಗಿದೆ. ಆದರೆ ಯಂತ್ರ ತಾನಾಗಿಯೇ ನೆಟ್‌ವರ್ಕ್ ಮೂಲಕ ತನ್ನ ಕಡತಗಳನ್ನು ಕಳಿಸುವಂತಾಗಬೇಕು ಎಂಬುದು ನನ್ನ ಹಟ. "ಅದನ್ನು ಇನ್ನೂ ಗುಜರಿಗೆ ಹಾಕಿಲ್ಲವಾ ಭಾವ?" ಎಂದು ಶಿರಸಿಯಿಂದ ಫೋನ್ ಬಂತು. ಹಾಕುವುದಿಲ್ಲ ಎಂದೆ.

ಅದಕ್ಕೆ ಬೇಕಾದ ನೆಟ್‌ವರ್ಕ್ ಕಾರ್ಡ್ ಸಿಕ್ಕಿದ್ದು ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ: 3ಕಾಮ್ ಕಂಪನಿಯ ಈಥರ್‌ಲಿಂಕ್ 3, ಮಾದರಿ 3ಸಿ509ಬಿ-ಟಿಪಿಒ. ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟಿನದು, ವೇಗ ಸೆಕೆಂಡಿಗೆ 10 ಮೆಗಾಬಿಟ್. ನಡುವಿನ ದೊಡ್ಡ ಚಿಪ್ಪಿನ ಮೇಲೆ ‘ಪ್ಯಾರಲಲ್ ಟಾಸ್ಕಿಂಗ್’ ಎಂದು ಅಚ್ಚಾಗಿದೆ, ಪಕ್ಕದಲ್ಲಿ ಬೂಟ್ ರಾಮ್ (ROM) ಚಿಪ್ಪಿಗೆ ಬಿಟ್ಟ ಖಾಲಿ ಸಾಕೆಟ್. ಹಿಂಬದಿಯ ತಗಡಿಗೆ ತುಕ್ಕು ಹಿಡಿದಿತ್ತು, ಸ್ಲಾಟಿನೊಳಗೆ ಕೂರುವ ಚಿನ್ನದ ಲೇಪದ ಪಟ್ಟಿಗಳು ಮಂಕಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಉಜ್ಜಿ, ಪುಡಿ ಕೊಡವಿ, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಕಡಲ ದಂಡೆಯ ಊರಿನಲ್ಲಿ ಹಳೆಯ ಕಾರ್ಡ್ ಇಟ್ಟುಕೊಂಡವರು ಡ್ರೈವರ್ ಹುಡುಕುವ ಮೊದಲು ಮಾಡಬೇಕಾದ ಕೆಲಸ ಇದೇ.

ಬುಧವಾರ ರಾತ್ರಿ

ನೇರವಾಗಿ ವಿಂಡೋಸ್‌ಗೆ ಹೋಗಲಿಲ್ಲ. ಹಳೆಯ ಕಾರ್ಡನ್ನು ಮೊದಲು ಡಾಸ್‌ನಲ್ಲಿ (ವಿಂಡೋಸ್‌ಗಿಂತ ಹಳೆಯ, ಕಮಾಂಡ್ ಟೈಪ್ ಮಾಡುವ ವ್ಯವಸ್ಥೆ) ಮಾತನಾಡಿಸಿ ನೋಡಬೇಕು ಎಂಬುದು ನನ್ನ ನಿಯಮ. ಡಾಸ್‌ನಲ್ಲಿ ನಡುವೆ ಬರುವವರು ಕಡಿಮೆ. ತಪ್ಪು ಎಲ್ಲಿದೆ ಎಂದು ಬೇಗ ತಿಳಿಯುತ್ತದೆ. ಯಂತ್ರ ಶುರುವಾಗುವಾಗ ಎಫ್8 ಒತ್ತಿ ಕಮಾಂಡ್ ಪ್ರಾಂಪ್ಟಿಗಷ್ಟೇ ಇಳಿದೆ. 3ಕಾಮ್‌ನ ಸೆಟ್ಟಿಂಗ್ ಪ್ರೋಗ್ರಾಂ ಮತ್ತು ಪ್ಯಾಕೆಟ್ ಡ್ರೈವರ್ (ಡಾಸ್‌ನಲ್ಲಿ ಕಾರ್ಡ್ ನಡೆಸುವ ಪ್ರೋಗ್ರಾಂ) ಎರಡೂ ಒಂದೇ ಫ್ಲಾಪಿಯಲ್ಲಿ ಹಿಡಿಸುತ್ತವೆ. ಈ ಕಾರ್ಡಿನ ಮೇಲೆ ಜಂಪರ್‌ಗಳಿಲ್ಲ, ಅಂದರೆ ಕೈಯಿಂದ ಸಿಕ್ಕಿಸಿ ಸೆಟ್ಟಿಂಗ್ ಬದಲಿಸುವ ಪುಟ್ಟ ಕೊಂಡಿಗಳಿಲ್ಲ. ಐಆರ್‌ಕ್ಯೂ (ಪ್ರೊಸೆಸರನ್ನು ಎಚ್ಚರಿಸುವ ಗೆರೆಯ ಸಂಖ್ಯೆ), ಪ್ರೊಸೆಸರ್ ಕಾರ್ಡನ್ನು ತಲುಪುವ ವಿಳಾಸ ಎಲ್ಲವೂ ಕಾರ್ಡಿನದೇ ಇಇಪ್ರಾಮ್ ಎಂಬ, ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಉಳಿಯುತ್ತವೆ. ಇವನ್ನು ತಾನಾಗಿ ಹಂಚುವ ಪ್ಲಗ್ ಆಂಡ್ ಪ್ಲೇ ಆಫ್ ಮಾಡಿ, ವಿಳಾಸ 300 ಹೆಕ್ಸ್, ಐಆರ್‌ಕ್ಯೂ 10 ಎಂದು ಬರೆದಿಟ್ಟೆ.

ಪ್ಯಾಕೆಟ್ ಡ್ರೈವರ್ ತಕರಾರಿಲ್ಲದೆ ಏರಿತು. 00-ಎ0-24ರಿಂದ ಶುರುವಾಗುವ ಈಥರ್‌ನೆಟ್ ವಿಳಾಸವನ್ನೂ ತೋರಿಸಿತು. ಅದು 3ಕಾಮ್‌ಗೆ ಕೊಟ್ಟ ಸಂಖ್ಯೆ, ಅಂದರೆ ಕಾರ್ಡ್ ಓದಲು ಸಿಗುತ್ತಿದೆ. ಎಮ್‌ಟಿಸಿಪಿ ಎಂಬ ಡಾಸ್ ಪ್ರೋಗ್ರಾಂಗಳ ಕಟ್ಟಿನಲ್ಲಿರುವ, ನೆಟ್‌ವರ್ಕ್ ವಿಳಾಸ ಕೇಳಿ ಪಡೆಯುವ ಡಿಎಚ್‌ಸಿಪಿ ಓಡಿಸಿದರೆ ಮಾತ್ರ ಉತ್ತರವೇ ಇಲ್ಲ. ನೆಟ್‌ವರ್ಕ್ ಸ್ವಿಚ್ಚಿನ ದೀಪ ಮಿನುಗುತ್ತದೆ, ಕೇಳಿಕೆ ಹೊರಗೆ ಹೋಗುತ್ತದೆ, ಒಳಗೆ ಏನೂ ಬರುವುದಿಲ್ಲ.

ಹೊರಗೆ ಹೋಗಿ ಒಳಗೆ ಬಾರದಿದ್ದರೆ ಡ್ರೈವರನ್ನು ಬಯ್ಯುವ ಮೊದಲು ಐಆರ್‌ಕ್ಯೂ ನೋಡಬೇಕು. ಪ್ಯಾಕೆಟ್ ಬಂದಿದೆ ಎಂದು ಕಾರ್ಡ್ ಪ್ರೊಸೆಸರನ್ನು ಎಚ್ಚರಿಸುವುದು ಆ ಗೆರೆಯ ಮೂಲಕ. ಇಂಥ ಯಂತ್ರದಲ್ಲಿ ಗೆರೆಗಳು ಒಟ್ಟು 16. ಟೈಮರ್, ಕೀಲಿಮಣೆ, ಸೀರಿಯಲ್ ಪೋರ್ಟ್‌ಗಳು, ಫ್ಲಾಪಿ, ಗಡಿಯಾರ, ಡಿಸ್ಕ್ ಜೋಡಿಸುವ ಎರಡು ಐಡಿಇ ಎಂದು ಹಂಚುತ್ತಾ ಹೋದರೆ ಉಳಿಯುವುದು 9, 10, 11ರ ಆಸುಪಾಸು. ಐಎಸ್‌ಎ ನಂತರ ಬಂದ ಪಿಸಿಐ ಸ್ಲಾಟಿನ ಕಾರ್ಡ್‌ಗಳು ಒಂದೇ ಗೆರೆಯನ್ನು ಹಂಚಿಕೊಂಡು ಬಾಳಬಲ್ಲವು, ಐಎಸ್‌ಎ ಕಾರ್ಡಿಗೆ ಆ ಗುಣವಿಲ್ಲ.

ಬಯಾಸ್ (ಯಂತ್ರ ಹಚ್ಚಿದ ಕೂಡಲೇ ಓಡುವ ಪ್ರೋಗ್ರಾಂ) ಮುಗಿದು ವಿಂಡೋಸ್ ಶುರುವಾಗುವ ಮುನ್ನ ಪಿಸಿಐ ಸಾಧನಗಳ ಪಟ್ಟಿ ಮಿಂಚಿ ಮಾಯವಾಗುತ್ತದಲ್ಲ, ಅಲ್ಲಿ ಪಾಸ್ (Pause) ಕೀಲಿ ಒತ್ತಿ ಪರದೆ ನಿಲ್ಲಿಸಿ ಓದಿದೆ. ಡಿಸ್‌ಪ್ಲೇ ಕಾರ್ಡಿನ ಸಾಲಿನ ಕೊನೆಗೆ 10. ಪ್ಲಗ್ ಆಂಡ್ ಪ್ಲೇ ಆಫ್ ಮಾಡಿದ ಕಾರ್ಡ್ ಬಯಾಸ್‌ನ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಖಾಲಿ ಇದೆ ಎಂದುಕೊಂಡು ಅದು 10ನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದೆ, ಒಂದೇ ಸೀಟನ್ನು ಇಬ್ಬರಿಗೆ ಬುಕ್ ಮಾಡಿದ ಕಂಡಕ್ಟರನಂತೆ. ಬಯಾಸ್‌ನ ಪಿಎನ್‌ಪಿ/ಪಿಸಿಐ ಪುಟದಲ್ಲಿ ಹಂಚಿಕೆಯನ್ನು ಮ್ಯಾನ್ಯುಯಲ್ ಮಾಡಿ, ಐಆರ್‌ಕ್ಯೂ 10ರ ಎದುರು ‘ಲೆಗಸಿ ಐಎಸ್‌ಎ’ (ಹಳೆಯ ಐಎಸ್‌ಎ ಕಾರ್ಡಿಗೆ ಮೀಸಲು) ಎಂದು ಇಟ್ಟೆ. ಮತ್ತೆ ಶುರು ಮಾಡಿದಾಗ ಡಿಸ್‌ಪ್ಲೇ ಕಾರ್ಡ್ 11ಕ್ಕೆ ಸರಿದಿತ್ತು. ಡಿಎಚ್‌ಸಿಪಿ ಕೇಳಿದ ಕೂಡಲೇ ವಿಳಾಸ ಬಂತು. ಅಷ್ಟರಲ್ಲಿ ಗಾಳಿಮಳೆಗೆ ಕರೆಂಟ್ ಹೋಯಿತು. ಅವತ್ತಿಗೆ ಅಷ್ಟೇ.

ಶನಿವಾರ

ವಿಂಡೋಸ್ ಭಾಗದ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ಈ ಕಾರ್ಡಿನ ಡ್ರೈವರ್ ವಿಂಡೋಸ್ 98ರ ಜೊತೆಗೇ ಬರುತ್ತದೆ. ಉಚಿತ ಡ್ರೈವರ್ ಕೊಡುತ್ತೇವೆ ಎನ್ನುವ ತಾಣಗಳ ಸಹವಾಸವೇ ಬೇಡ. ಪಟ್ಟಿಯಲ್ಲಿ 3ಸಿ509 ಹಲವು ಹೆಸರುಗಳಲ್ಲಿ ಕಾಣುತ್ತದೆ. ಪ್ಲಗ್ ಆಂಡ್ ಪ್ಲೇ ಆಫ್ ಮಾಡಿದ್ದರೆ ‘ಐಎಸ್‌ಎ ಮೋಡ್’ ಎಂದಿರುವುದನ್ನೇ ಆರಿಸಬೇಕು, ನಂತರ ಡಿವೈಸ್ ಮ್ಯಾನೇಜರಿನಲ್ಲಿ ಅದೇ 300, ಅದೇ 10 ತುಂಬಬೇಕು. ನಡುವೆ ಅದು ಸಿಡಿ ಹಾಕು ಎಂದು ಕೇಳುತ್ತದೆ. ಈ ಯಂತ್ರವನ್ನು ಸಿದ್ಧಪಡಿಸಿದ್ದ ಪುಣ್ಯಾತ್ಮರು ಸಿಡಿಯ ವಿನ್98 ಫೋಲ್ಡರನ್ನು ಡಿಸ್ಕಿಗೆ ನಕಲು ಮಾಡಿಟ್ಟಿದ್ದರಿಂದ ಅದರ ದಾರಿ ತೋರಿಸಿದರೆ ಸಾಕಾಯಿತು.

ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಕಡತ ವರ್ಗಾವಣೆಯ ಎಫ್‌ಟಿಪಿ ಸರ್ವರ್ ಹಾಕಿ, ವಿಂಡೋಸ್ 98ರಲ್ಲೇ ಇರುವ ಎಫ್‌ಟಿಪಿ ಕಮಾಂಡಿನಿಂದ ಕಳಿಸಿದೆ. ಕಳಿಸುವ ಮೊದಲು ‘ಬಿನ್’ ಎಂದು ಟೈಪ್ ಮಾಡಲೇಬೇಕು. ಇಲ್ಲದಿದ್ದರೆ ಅದು ಎಲ್ಲವನ್ನೂ ಪಠ್ಯವೆಂದು ಭಾವಿಸಿ ಕಡತ ಕೆಡಿಸುತ್ತದೆ. ಲೆಕ್ಕವೆಲ್ಲ ಡಿಬಿಎಫ್ ಎಂಬ ಹಳೆಯ ಡೇಟಾಬೇಸ್ ಕಡತಗಳಲ್ಲಿದೆ. ಲಿಬ್ರೆಆಫೀಸ್ ಕ್ಯಾಲ್ಕ್ ಅವನ್ನು ಹಾಗೆಯೇ ತೆರೆಯಿತು: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಒಂದೊಂದು ಬಗೆಗೂ ಒಂದು ಕಂಬಸಾಲು, ಕೆಳಗೆ ತೂಕ ಮತ್ತು ದರ. ಭಾವನಿಗೆ ಕಳಿಸಿದೆ. ಯಂತ್ರದ ಬಗ್ಗೆ ಒಂದು ಮಾತಿಲ್ಲ. "ಆ ವರ್ಷ ಚಾಲಿಗೆ ಅಷ್ಟು ಕಡಿಮೆ ದರ ಇತ್ತಾ!" ಎಂದು ಮಾತ್ರ ಉತ್ತರ ಬಂತು.

ಬಾಕಿ ಇರುವುದು ಫೋಲ್ಡರ್ ಹಂಚಿಕೆ. ವಿಂಡೋಸ್ 98ಕ್ಕೆ ಗೊತ್ತಿರುವ ಫೋಲ್ಡರ್ ಹಂಚಿಕೊಳ್ಳುವ ಹಳೆಯ ಎಸ್‌ಎಮ್‌ಬಿ ವಿಧಾನವನ್ನು ಈಗಿನ ಯಂತ್ರಗಳು ಸುರಕ್ಷಿತವಲ್ಲವೆಂದು ಮುಚ್ಚಿಟ್ಟಿವೆ. ಒಂದು ಪೆಂಟಿಯಂಗಾಗಿ ಮನೆಯ ಲ್ಯಾಪ್‌ಟಾಪಿನಲ್ಲಿ ಆ ಬಾಗಿಲು ತೆರೆಯುವ ವಿಚಾರ ನನಗಿಲ್ಲ, ಎಫ್‌ಟಿಪಿಯೇ ಸಾಕು. ಮುಂದಿನ ವಾರ ಬಯಾಸ್ ಬ್ಯಾಟರಿ ಬದಲಿಸುತ್ತೇನೆ. ಅದು ಸತ್ತರೆ ಐಆರ್‌ಕ್ಯೂ 10ರ ಹಂಚಿಕೆ ಮೊದಲಿನಂತಾಗುತ್ತದೆ.