ಮೆನುವಿನಲ್ಲಿ ಒಂದು ಜಾಗ

ಇವತ್ತು ಬಸವನಗುಡಿಯಲ್ಲಿ ಚಿಕ್ಕಪ್ಪನ ಲಿನಕ್ಸ್ ಕಂಪ್ಯೂಟರ್‌ಗೆ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಕ್ರಿಟಾ ಹಾಕಿಕೊಟ್ಟೆ. ಆ್ಯಪ್‌ಇಮೇಜ್ ಫೈಲು, ಅಂದ್ರೆ ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸೋ ಒಂದೇ ಫೈಲು. ರನ್ ಆಗೋ ಅನುಮತಿ ಕೊಟ್ಟೆ, ಓಡಿತು. ಆದ್ರೆ ಮೆನುವಿನಲ್ಲಿ ಇಲ್ಲ.

"ದಿನಾ ಡೌನ್‌ಲೋಡ್ಸ್‌ನಲ್ಲಿ ಹುಡುಕ್ಬೇಕೇನೋ?" ಅಂದ್ರು.

ಹೋಮ್ ಫೋಲ್ಡರಿನ .ಲೋಕಲ್/ಶೇರ್/ಅಪ್ಲಿಕೇಶನ್ಸ್ ಒಳಗೆ ಒಂದು ಡೆಸ್ಕ್‌ಟಾಪ್ ಫೈಲ್ (ಹೆಸರಿನ ಕೊನೆಗೆ .desktop ಇರೋದು, ಮೆನುವಿಗೆ ಆ್ಯಪ್ ತೋರಿಸಿಕೊಡೋದು) ಬರೆದೆ. ಬರೀ ಟೆಕ್ಸ್ಟು: ಮೇಲೆ [Desktop Entry] ಅನ್ನೋ ಸಾಲು, ಅದರ ಕೆಳಗೆ ಟೈಪ್, ನೇಮ್, ಎಕ್ಸೆಕ್ (ಯಾವ ಫೈಲ್ ಓಡಿಸಬೇಕು ಅನ್ನೋದು), ಐಕಾನ್. ಎಕ್ಸೆಕ್ ಸಾಲಲ್ಲಿ ಫೈಲ್ ಇರೋ ಜಾಗ ಪೂರ್ತಿ ಬರೀಬೇಕು, ಹೋಮ್ ಫೋಲ್ಡರಿಗೆ ಬಳಸೋ ~ ಚಿಹ್ನೆ ಅಲ್ಲಿ ನಡೆಯಲ್ಲ. ಸೇವ್ ಮಾಡಿದ್ದೇ ತಡ, ಮೆನುವಿನಲ್ಲಿ ಕ್ರಿಟಾ!

ಸುಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಬೇಡ, ಪಾಸ್‌ವರ್ಡ್ ಬೇಡ.

ಲಿನಕ್ಸ್ ನನಗೆ ಇಷ್ಟ ಆಗೋದೇ ಇದಕ್ಕೆ. ಮೆನು ಕೂಡ ನಾವು ತೆರೆದು ಓದಬಹುದಾದ, ತಿದ್ದಬಹುದಾದ ಬರಹ. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಓದಿದ್ರು.

ಆ್ಯಪ್‌ಇಮೇಜ್ ಕೊಡೋರು ಪಕ್ಕದಲ್ಲೇ ಈ ಕೆಲವು ಸಾಲೂ ಬರೆದುಕೊಟ್ರೆ ಎಷ್ಟೋ ಜನಕ್ಕೆ ಅನುಕೂಲ ಆಗುತ್ತೆ.