ತಾಯಿಯ ಹೊಡೆತ, ಮಗನ ರೋಲ್: ಸ್ಟ್ಯಾನ್ಲಿ ಬ್ಯಾಂಜೊ, ಹತ್ತು ವಾರದ ದಾಖಲೆ

ಬ್ಲೂಗ್ರಾಸ್ ಎಂಬ ಅಮೆರಿಕನ್ ಗ್ರಾಮೀಣ ಸಂಗೀತದ ಮನೆತನಗಳ ಆಸ್ತಿ ಇರುವುದು ಬಲಗೈಯಲ್ಲಿ. ವರ್ಜೀನಿಯಾದ ಡಿಕೆನ್ಸನ್ ಕೌಂಟಿಯ ಲೂಸಿ ಸ್ಟ್ಯಾನ್ಲಿ ಐದು ತಂತಿಯ ಬ್ಯಾಂಜೊವನ್ನು ಕ್ಲಾಹ್ಯಾಮರ್ ಶೈಲಿಯಲ್ಲಿ, ಅಂದರೆ ಉಗುರಿನಿಂದ ಕೆಳಮುಖವಾಗಿ ಹೊಡೆದು, ನುಡಿಸುತ್ತಿದ್ದರು. ಮಗ ರಾಲ್ಫ್ (1927–2016) ಅದನ್ನು ಅಮ್ಮನಿಂದಲೇ ಕಲಿತರು. ಅಣ್ಣ ಕಾರ್ಟರ್ ಜತೆ 1946ರಲ್ಲಿ ತಂಡ ಕಟ್ಟಿದರು. ಮುಂದೆ ಮೂರು ಬೆರಳಿನ ರೋಲ್‌ನಿಂದ (ಬೆರಳುಗಳು ಸರದಿಯಂತೆ ಒಂದೊಂದೇ ತಂತಿ ಮೀಟುವ ಕ್ರಮ) ಹೆಸರಾದರೂ ಅಮ್ಮನ ಹೊಡೆತವನ್ನು ಕೈಬಿಡಲಿಲ್ಲ. ಒಂದೇ ಬ್ಯಾಂಜೊ ಮೇಲೆ ಈ ಎರಡನ್ನೂ ಕೈಗೆ ಕೂರಿಸುವುದು ಇಲ್ಲಿನ ಗುರಿ.

ವಾರ 1
ಮೊದಲು ವಾದ್ಯ. 11 ಇಂಚಿನ ಮೈಲಾರ್ (ಪ್ಲಾಸ್ಟಿಕ್) ಹೆಡ್, ಅಂದರೆ ವಾದ್ಯದ ಮುಖದ ಹೊದಿಕೆ, ಸಡಿಲವಾಗಿತ್ತು, ನಾದ ಮಂಕು. ತಂತಿಗಳನ್ನು ಅಂಗೈಯಿಂದ ಮುಚ್ಚಿ, ಮೃದಂಗದ ಶ್ರುತಿ ನೋಡುವ ಹಾಗೆ ಅಂಚಿನ ಸುತ್ತಲೂ ತಟ್ಟುತ್ತಾ ಬರಬೇಕು. 24 ಕೊಕ್ಕೆಗಳನ್ನು ಎದುರುಬದುರಾಗಿ, ಒಂದೊಂದನ್ನೂ ಎಂಟನೇ ಒಂದು ಸುತ್ತಿನಷ್ಟೇ ಬಿಗಿ ಮಾಡುತ್ತಾ ಹೋದರೆ ತಟ್ಟಿದ ನಾದ ಜಿ ಶಾರ್ಪ್ ಸ್ವರಕ್ಕೆ ಬರುತ್ತದೆ. ಒಂದೇ ಕಡೆ ಬಿಗಿದರೆ ಹೆಡ್ ಹರಿಯುವ ಅಪಾಯವಿದೆ.

ಹೆಡ್ ಬಿಗಿಯಾದಾಗ ಅದರ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ಮೇಲೇರುತ್ತದೆ, ಅದರ ಜತೆ ತಂತಿಯೂ. ಹಾಗಾಗಿ ತಂತಿಯ ಎತ್ತರವನ್ನು ಆಮೇಲೆ ನೋಡಬೇಕು: 12ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಮೇಲೆ ಸುಮಾರು 3 ಮಿಲಿಮೀಟರ್. ಬ್ರಿಜ್‌ನ ಜಾಗಕ್ಕೆ ನಟ್‌ನಿಂದ (ಕುತ್ತಿಗೆಯ ತುದಿಯ ಪಟ್ಟಿ) 12ನೇ ಫ್ರೆಟ್‌ವರೆಗಿನ 13⅛ ಇಂಚನ್ನು ಅಲ್ಲಿಂದ ಮುಂದಕ್ಕೆ ಮತ್ತೊಮ್ಮೆ ಅಳೆದರೆ ಸಾಕು, ಉಳಿದದ್ದು ಕಿವಿಯ ಕೆಲಸ. 12ರಲ್ಲಿ ಒತ್ತಿದ ಸ್ವರ ಅಲ್ಲೇ ತಂತಿಯನ್ನು ಬರೀ ಸೋಕಿ ಮೀಟಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಬ್ರಿಜ್ ಅನ್ನು ಟೇಲ್‌ಪೀಸ್ (ತಂತಿಗಳ ಬುಡ ಸಿಗಿಸುವ ಭಾಗ) ಕಡೆಗೆ ಕೂದಲೆಳೆಯಷ್ಟು ಸರಿಸಬೇಕು.

ತಂತಿಗಳ ದಪ್ಪ ಇಂಚಿನಲ್ಲಿ: ಒಂದನೆಯದೂ ಐದನೆಯದೂ 0.009, ಎರಡು 0.010, ಮೂರು 0.013, ನಾಲ್ಕು ಸುತ್ತಿದ 0.020. ಐದನೆಯದರಿಂದ ಒಂದನೆಯದಕ್ಕೆ ಶ್ರುತಿ ಜಿ-ಡಿ-ಜಿ-ಬಿ-ಡಿ.

ವಾರ 2–4
ಕ್ಲಾಹ್ಯಾಮರ್, ಪಿಕ್ (ಬೆರಳಿಗೆ ತೊಡುವ ಕೃತಕ ಉಗುರು) ಇಲ್ಲದೆ. ತೋರುಬೆರಳಿನ ಉಗುರು ಕೆಳಮುಖವಾಗಿ ಒಂದು ತಂತಿಯನ್ನು ಹೊಡೆಯುತ್ತದೆ, ಮತ್ತೆ ಕೆಳಗೆ ಗೀರುತ್ತದೆ, ಕೊನೆಗೆ ಹೆಬ್ಬೆರಳು ಐದನೇ ತಂತಿಯನ್ನು ಬಿಡುತ್ತದೆ. ಬಮ್, ಡಿಟಿ. ಗುಟ್ಟೆಲ್ಲ ಹೆಬ್ಬೆರಳಲ್ಲೇ ಇದೆ. ಪ್ರತಿ ಹೊಡೆತ ಕೆಳಗಿಳಿಯುವಾಗಲೂ ಅದು ಐದನೇ ತಂತಿಯ ಮೇಲೆ ಕೂತಿರಬೇಕು. ಕೈ ಮೇಲೇಳುವಾಗ ತಾನಾಗಿಯೇ ಜಾರಿ ತಂತಿ ನುಡಿಯುತ್ತದೆ. ಹೆಬ್ಬೆರಳನ್ನು ಬೇರೆಯಾಗಿ ಆಡಿಸಲು ಹೋದರೆ ಆ ಸ್ವರ ತಡವಾಗಿ ಬೀಳುತ್ತದೆ. ಮೆಟ್ರೊನೋಮ್ 60ರಲ್ಲಿ (ನಿಮಿಷಕ್ಕೆ 60 ಪೆಟ್ಟು) ಎರಡು ವಾರ ಇದೊಂದೇ. ಅವಸರ ಮಾಡಿದರೆ ಮಣಿಕಟ್ಟು ಬಿಗಿಯುತ್ತದೆ.

ವಾರ 5–8
ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ಉಳಿದೆರಡು ಬೆರಳಿಗೆ ಲೋಹದ್ದು. ರಾಲ್ಫ್ ಅವರ ರೋಲ್ ತೋರುಬೆರಳಿನಿಂದ ಹೊರಡುತ್ತದೆ: ತೋರು, ನಡು, ಹೆಬ್ಬೆರಳು, ಹೀಗೇ ಮುಂದಕ್ಕೆ. ಎಂಟು ಸ್ವರಕ್ಕೆ ತಂತಿಗಳು 2-1-5, 2-1-5, 2-1. ಕನ್ನಡದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತಕಿಟ ತಕಿಟ ತಕ. ಬಾಯಲ್ಲಿ ಕೊನ್ನಕ್ಕೋಲ್ ಹೇಳಿಕೊಂಡೇ ನುಡಿಸಿದ್ದರಿಂದ ರೋಲ್ ಬೇಗ ಹಿಡಿತಕ್ಕೆ ಬಂತು.

ಎಡವಿದ್ದು ಬೇರೆಡೆ. ಕ್ಲಾಹ್ಯಾಮರ್‌ನಲ್ಲಿ ಬಮ್‌ಗೆ ಎರಡು ಎಣಿಕೆ, ಹಾಗಾಗಿ ಐದನೇ ತಂತಿ ಎಂಟರಲ್ಲಿ ನಾಲ್ಕನೇ ಮತ್ತು ಎಂಟನೇ ಎಣಿಕೆಗೆ ಬೀಳುತ್ತದೆ. ಈ ರೋಲ್‌ನಲ್ಲಿ ಮೂರಕ್ಕೂ ಆರಕ್ಕೂ. ಮೂರು ವಾರ ಅಮ್ಮನ ಹೊಡೆತದಲ್ಲಿ ಪಳಗಿದ ಹೆಬ್ಬೆರಳು ನಾಲ್ಕನೆಯದಕ್ಕೆ ಕಾಯುತ್ತದೆ, ರೋಲ್ ಕುಂಟುತ್ತದೆ. ಐದನೇ ತಂತಿಗೆ ಒತ್ತು ಕೊಟ್ಟಷ್ಟೂ ಇದು ಹೆಚ್ಚುತ್ತದೆ. ಒತ್ತನ್ನು ತೋರುಬೆರಳಿಗೆ ವರ್ಗಾಯಿಸಿದಾಗ ಸರಿಹೋಯಿತು. ಎರಡೂ ಶೈಲಿಗಳಲ್ಲಿ ಮೊದಲ ಪೆಟ್ಟು ತೋರುಬೆರಳಿನದೇ ಎಂಬುದು ಆಗಲೇ ಕೈಗೆ ಅರ್ಥವಾದದ್ದು. ಇದು ಎಷ್ಟು ಸುಂದರವಾದ ನಂಟು!

ರಾಲ್ಫ್ ಅವರ ಹರಿತವಾದ ನಾದಕ್ಕೆ ಬ್ರಿಜ್‌ಗೆ ಹತ್ತಿರ ಮೀಟಬೇಕು. ಕಿರುಬೆರಳನ್ನು ಹೆಡ್ ಮೇಲೆ ಊರಬಹುದು, ಬ್ರಿಜ್‌ಗೆ ತಾಗಬಾರದು. ತಾಗಿದರೆ ನಾದ ಅಡಗುತ್ತದೆ.

ವಾರ 9
ಕ್ಯಾಪೊ, ಅಂದರೆ ತಂತಿಗಳನ್ನು ಒಂದು ಫ್ರೆಟ್‌ಗೆ ಒತ್ತಿ ಹಿಡಿಯುವ ಕ್ಲಿಪ್. ಎರಡನೇ ಫ್ರೆಟ್‌ಗೆ ಹಾಕಿದರೆ ಶ್ರುತಿ ಎ, ನಾಲ್ಕನೆಯದಕ್ಕೆ ಬಿ. ಐದನೇ ತಂತಿಗೆ ಇದು ತಾಗುವುದಿಲ್ಲ. ಅದು ಐದನೇ ಫ್ರೆಟ್‌ನಿಂದ ಶುರುವಾಗುವುದರಿಂದ 7ನೇ ಮತ್ತು 9ನೇ ಫ್ರೆಟ್‌ಗಳ ಬಳಿ ಮಾಡೆಲ್ ರೈಲಿನ ಎಚ್‌ಒ ಅಳತೆಯ ಮೊಳೆ ಬಡಿದು ತಂತಿಯನ್ನು ಅದರಡಿ ಸಿಗಿಸುತ್ತಾರೆ. ಮೊದಲು ಸಣ್ಣ ರಂಧ್ರ ಕೊರೆಯದೆ ಬಡಿದರೆ ಮರ ಸೀಳುತ್ತದೆ. ಮೊಳೆ ತೀರಾ ಆಳಕ್ಕಿಳಿದರೆ ತಂತಿ ಬಾಗಿ ಸ್ವರ ಏರುತ್ತದೆ. 7ರದ್ದು ಚೆನ್ನಾಗಿ ಕೂತಿತು. 9ರದ್ದು ಆಳವಾಯಿತು, ತುಸು ಎತ್ತಬೇಕು.

ವಾರ 10
ಕ್ಲಾಹ್ಯಾಮರ್ 90ರಲ್ಲಿ ನಿರಾಳ, ರೋಲ್ 80ರಲ್ಲಿ. ಒಂದೇ ಕೂರಿಕೆಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿದಾಗ ಮೊದಲ ನಾಲ್ಕೈದು ಆವರ್ತಗಳಲ್ಲಿ ಹೆಬ್ಬೆರಳು ಇನ್ನೂ ಕಾಯುತ್ತಿದೆ. ಬಿ ಶ್ರುತಿಯ ಅಭ್ಯಾಸ 9ರ ಮೊಳೆ ಸರಿಯಾದ ಮೇಲೆ.