ಹಣ್ಣು ಕೊಯ್ಲಿನ ಕಾಲದಲ್ಲಿ ತಲೆ ಎಣಿಕೆ

ಚಿಕ್ಕಮಗಳೂರಿಗೆ ಬಂದವರೆಲ್ಲ ಮುಳ್ಳಯ್ಯನಗಿರಿ ಹತ್ತುತ್ತಾರೆ. ಶನಿವಾರ, ಭಾನುವಾರ ಅಲ್ಲಿ ನಿಂತಿರುವ ಕಾರುಗಳ ಸಾಲು ನೋಡಿದರೆ ಈ ಜಿಲ್ಲೆಯಲ್ಲಿ ಜನ ಕಮ್ಮಿಯಾಗಿದ್ದಾರೆ ಅಂದರೆ ಯಾರೂ ನಂಬಲ್ಲ. ಆದರೆ 2001ರ ಜನಗಣತಿಯಲ್ಲಿ ಇಲ್ಲಿ 11,40,905 ಜನ ಇದ್ದರು, 2011ರಲ್ಲಿ 11,37,961. ಆ ಹತ್ತು ವರ್ಷದಲ್ಲಿ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದದ್ದು ಇದೊಂದೇ ಜಿಲ್ಲೆಯಲ್ಲಿ. ಅದೇ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಹೋದವರು ಎಲ್ಲಿಗೆ ಹೋದರು ಅಂತ ಬೇರೆ ಹೇಳಬೇಕಾಗಿಲ್ಲ.

ನಾನು ಗಿರಿ ಬಿಟ್ಟು ಕಳಸದ ಬಸ್ಸು ಹತ್ತಿದೆ. ಆಲ್ದೂರಿನ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಇಳಿದುಕೊಂಡೆ. ದೊಡ್ಡ ಮನೆ, ಇರುವವರು ಗಂಡ ಹೆಂಡತಿ ಇಬ್ಬರೇ. ಇಬ್ಬರಿಗೂ ಎಪ್ಪತ್ತು ದಾಟಿದೆ. ಮಗ ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ. "ಹಬ್ಬಕ್ಕೆ ಬರ್ತಾರೆ, ಕೊಯ್ಲಿಗೆ ಬರೋದಿಲ್ಲ ಮಾರಾಯ್ರೆ" ಎಂದು ಯಜಮಾನರು ನಕ್ಕರು. ಕಡುಬು ಬಡಿಸುತ್ತಿದ್ದ ಅಕ್ಕ ನಗಲಿಲ್ಲ.

ಸಂಜೆ ಕಣದ ಹತ್ತಿರ ಹೋದೆ. ಟಾರ್ಪಾಲಿನ ಮೇಲೆ ಹಣ್ಣಿನ ರಾಶಿ. ಹೆಂಗಸರು ಸುತ್ತ ಕೂತು ಎಲೆ, ಕಾಯಿ ಎಲ್ಲ ಆರಿಸಿ ತೆಗೆಯುತ್ತಿದ್ದರು. ಆಮೇಲೆ ಒಂದೊಂದೇ ಚೀಲ ತೂಕಕ್ಕೆ. ರೈಟರ್ ಹೆಸರು ಕೂಗಿ ಕೆಜಿ ಬರೆದುಕೊಳ್ಳುತ್ತಿದ್ದ. ಕೊಯ್ಯುವವರಲ್ಲಿ ಹೆಚ್ಚಿನವರು ಅಸ್ಸಾಮಿನವರು. ಮೇಸ್ತ್ರಿ ಹಿಂದಿ ಕಲಿತಿದ್ದಾನೆ, ಕೊಯ್ಯುವವರು ತೂಕದ ಮಟ್ಟಿಗೆ ಕನ್ನಡ ಕಲಿತಿದ್ದಾರೆ. ಅವರು ಇರುವ ಲೈನ್ ಮನೆಯ ಹುಡುಗಿಯೊಬ್ಬಳು, ಎಂಟು ವರ್ಷ ಇರಬಹುದು, ರೈಟರ್ ಪುಸ್ತಕ ಇಣುಕಿ ನೋಡಿ "ಅಣ್ಣಾ, ನಮ್ದು ಮೂವತ್ತೆಂಟು, ಮೂವತ್ತಾರಲ್ಲ" ಎಂದು ಜಗಳ ತೆಗೆದಳು. ಅಪ್ಪಟ ಮಲೆನಾಡಿನ ಕನ್ನಡ! ರೈಟರ್ ಗೊಣಗುತ್ತಾ ತಿದ್ದಿದ.

ನಾವು ಶಾಲೆಯಲ್ಲಿದ್ದಾಗ ಜನಸಂಖ್ಯಾ ಸ್ಫೋಟದ ಮೇಲೆ ಪ್ರಬಂಧ ಬರೆಯದೆ ಪಾಸಾಗುವಂತಿರಲಿಲ್ಲ. ಜನ ಹೆಚ್ಚಾದರೆ ದೇಶ ಮುಳುಗಿತು ಅಂತ ಬರೆದಿದ್ದೇ ಬರೆದಿದ್ದು. ಈಗ ರಾಗ ತಿರುಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು. ಹಾಗಾಗಿ ಜಾಸ್ತಿ ಹೆರಬೇಕು ಅನ್ನುವ ಭಾಷಣ ಶುರುವಾಗಿದೆ. ನನಗೇನೋ ಎರಡೂ ಅರ್ಧ ಮಾತು ಅನ್ನಿಸುತ್ತದೆ. ಯಾಕೆ ಅನ್ನುವುದು ಕುದುರೆಮುಖಕ್ಕೆ ಹೋದರೆ ಗೊತ್ತಾಗುತ್ತದೆ.

ಕಳಸದಿಂದ ಆ ದಾರಿ ಕಣ್ಣಿಗೆ ಹಬ್ಬ. ಶೋಲಾ ಕಾಡು, ಹುಲ್ಲುಗುಡ್ಡ, ಪಕ್ಕದಲ್ಲೇ ಭದ್ರಾ. ಊರು ಸಿಕ್ಕಾಗ ಮಾತ್ರ ಪಿಚ್ಚೆನ್ನಿಸುತ್ತದೆ. ಇರಾನಿನ ಜೊತೆ ಒಪ್ಪಂದವಾಗಿ 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿ ಕಾಡಿನ ನಡುವೆ ಟೌನ್‌ಶಿಪ್ಪನ್ನೇ ಕಟ್ಟಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಭದ್ರೆಗೂ ಕಾಡಿಗೂ ಅದು ಒಳ್ಳೆಯದೇ ಆಯಿತು, ನಾನು ಅದನ್ನು ತಪ್ಪು ಅನ್ನಲಾರೆ. ಆದರೆ ಕೆಲಸ ಹೋಯಿತು, ಹಿಂದೆಯೇ ಜನ ಹೋದರು. ಈಗ ಸಾಲು ಸಾಲು ಕ್ವಾರ್ಟರ್ಸ್‌ ಖಾಲಿ, ಮೆಟ್ಟಿಲ ಮೇಲೆ ಪಾಚಿ. ಜಿಲ್ಲೆಯ ಇಳಿಕೆಯಲ್ಲಿ ಈ ಊರಿನ ಪಾಲೂ ಇದೆ. ಇಲ್ಲಿ ಯಾರೂ ಕಮ್ಮಿ ಹೆತ್ತಿದ್ದಕ್ಕೆ ಊರು ಖಾಲಿಯಾಗಲಿಲ್ಲ ಅಲ್ವಾ?

ಹಾಗಂತ ಸಂಖ್ಯೆಗೆ ಬೆಲೆಯೇ ಇಲ್ಲ ಅಂತಲ್ಲ. ಒಮ್ಮೆ ಜನ ಕಮ್ಮಿಯಾದರೆ ಶಾಲೆಗೆ ಮಕ್ಕಳಿಲ್ಲ, ಬಸ್ಸಿಗೆ ಜನವಿಲ್ಲ, ಆಗ ಉಳಿದವರೂ ಗಂಟುಮೂಟೆ ಕಟ್ಟುತ್ತಾರೆ. ವಾಪಸ್ ಬಂದ ರಾತ್ರಿ ಯಜಮಾನರು ಇನ್ನೊಂದು ತೆಗೆದರು: "ಎಂಪಿ ಸೀಟೂ ತಲೆ ಲೆಕ್ಕದ ಮೇಲೇ ಅಂತೆ?" ಹೌದು. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಅನ್ನುವುದು ಇನ್ನೂ 1971ರ ಗಣತಿಯ ಮೇಲೆ ನಿಂತಿದೆ. 2026ರ ನಂತರದ ಮೊದಲ ಗಣತಿವರೆಗೆ ಅದನ್ನು ಮುಟ್ಟುವ ಹಾಗಿಲ್ಲ ಅಂತ ಸಂವಿಧಾನದ 84ನೇ ತಿದ್ದುಪಡಿ ಹೇಳಿತ್ತು. ಆ ಗಣತಿಯ ತಲೆ ಎಣಿಕೆಗೆ ಗೊತ್ತಾಗಿರುವುದು 2027ರ ಫೆಬ್ರವರಿ.

"ಫೆಬ್ರವರಿಯಾ? ಆಗ ರೊಬಸ್ಟಾ ಕೊಯ್ಲು" ಎಂದರು. ಎಣಿಸುವಾಗ ಯಾರು ಎಲ್ಲಿ ಬಿಡಾರ ಮಾಡಿರುತ್ತಾರೋ ಅಲ್ಲೇ ಲೆಕ್ಕ ಎಂದೆ. ಅವರು ಲೈನ್ ಮನೆಯ ಕಡೆ ತಿರುಗಿ ಬೆರಳು ಮಡಚಿದರು. "ಹಾಗಾದ್ರೆ ನಮ್ಮನೆಯಿಂದ ಇಬ್ಬರು, ಅಲ್ಲಿಂದ ಇಪ್ಪತ್ತಾರು. ಆ ಹುಡುಗಿಯನ್ನ ಈ ಜೂನಿಗೆ ಇಲ್ಲೇ ಶಾಲೆಗೆ ಸೇರಿಸೋಕೆ ಹೇಳ್ಬೇಕು."

ಅಕ್ಕ ಒಳಗಿನಿಂದಲೇ ಕೂಗಿದರು, "ನಾನು ಆಗ್ಲೇ ಹೇಳಿ ಆಯ್ತು!"